ಸೌ|| ಮೇಲೆ ಹಚ್ಚಿದ ಟೇಪು

ಹತ್ತು ಲಗ್ನಪತ್ರಿಕೆ ಸಾಕು ಎಂದವಳನ್ನು ಅಲ್ಲಿಯವರೆಗೆ ನಾನು ನೋಡಿರಲಿಲ್ಲ.

ಶಿರಾಳಕೊಪ್ಪದ ಬಸ್ ನಿಲ್ದಾಣದಿಂದ ಕೂಗಳತೆಯ ದೂರದಲ್ಲಿ ನನ್ನ ಪ್ರೆಸ್ ಇದೆ. ಮದುವೆ ದಿನಗಳ ಭರಾಟೆ. ಬೆಳಿಗ್ಗೆ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದಾಗ ಸ್ಕೂಟರಿನಲ್ಲಿ ಒಬ್ಬ ಹುಡುಗಿ ಬಂದಳು. ಕಾಲಿಡುವ ಜಾಗದಲ್ಲಿ ಲಸಿಕೆಯ ಐಸ್ ಪೆಟ್ಟಿಗೆ. ಸೊರಬದ ಕಡೆ ಕುರಿ, ದನಗಳಿಗೆ ಲಸಿಕೆ ಹಾಕುವ ಕೆಲಸವಂತೆ.

"ಮದುವಿ ಕಾರ್ಡ್ ಹಾಕ್ತೀರೇನ್ರಿ?"

"ಅದೇ ನಮ್ಮ ಕಸುಬು. ಎಷ್ಟು ಬೇಕು?"

"ಹತ್ತು."

"ಹತ್ತು ನೂರಾ?"

"ಅಲ್ರಿ, ಬರೇ ಹತ್ತು. ರಿಜಿಸ್ಟ್ರಿ ಮಾಡಾಕ ಪತ್ರಿಕಿ ಬೇಕಂತ್ರಿ. ಒಂದು ಸೊರಬದ ಸಬ್ ರಿಜಿಸ್ಟ್ರಾರ್ ಆಫೀಸಿಗೆ, ಉಳಿದವು ನನ್ನ ಜೋಡಿ ಕೆಲಸ ಮಾಡೋರಿಗೆ."

ಮದುವೆ ಯಾರದು ಎಂದು ಕೇಳಿದೆ. ನಂದೇ ಎಂದಳು. ಹುಡುಗ ಹೊಸಬಾಳೆಯವನು, ಲೈನ್‌ಮನ್. ಕುರಿದೊಡ್ಡಿಯ ಮೇಲೆ ಜೋತುಬಿದ್ದಿದ್ದ ಕರೆಂಟ್ ತಂತಿಯ ಬಗ್ಗೆ ಇವಳು ದೂರು ಕೊಟ್ಟಿದ್ದಳಂತೆ, ಸರಿಮಾಡಲು ಅವನು ಬಂದಿದ್ದನಂತೆ. ಮುಂದಿನದನ್ನು ನಾನು ಕೇಳಲಿಲ್ಲ.

"ಪೆಂಡಾಲು, ಓಲಗ, ಊಟ ಏನೂ ಇಲ್ವಾ?"

"ಈಗ ಮದುವಿ ಅಂದ್ರ ಏನ್ರಿ ಅಕ್ಕಾರ? ಎರಡು ಸಹಿ, ಮೂರು ಸಾಕ್ಷಿ. ಅದಕ್ಕ್ಯಾಕ ಊರೆಲ್ಲಾ ಕೂಡಿಸಬೇಕು? ಮಂಟಪದಾಗ ಕುಂತ್ರ ಮಾತ್ರ ಗಂಡ ಹೆಂಡ್ತಿ, ಇಲ್ಲಾಂದ್ರ ಅಲ್ಲೇನು?"

ಈ ಮಾತು ನನಗೆ ಹಿಡಿಸಿತು. ನನಗೆ ನಲವತ್ತನಾಲ್ಕು, ಮದುವೆಯಾಗಿಲ್ಲ. ಯಾರ ಮೇಲೂ ಸಿಟ್ಟಿಲ್ಲ, ಯಾರೂ ಕೈಕೊಟ್ಟಿಲ್ಲ, ಸುಮ್ಮನೆ ಆಗಲಿಲ್ಲ ಅಷ್ಟೆ. ಆದರೆ ಪ್ರೆಸ್ಸಿಗೆ ಬರುವ ಪ್ರತಿ ಯಜಮಾನರೂ ಕಾರ್ಡಿನ ಆಲ್ಬಮ್ಮು ತಿರುವಿಹಾಕುತ್ತ, "ಊರಿಗೆಲ್ಲ ಪತ್ರಿಕೆ ಹಾಕ್ತೀರಿ, ನಿಮ್ಮದ್ಯಾವಾಗ?" ಎಂದು ಕೇಳದೆ ಹೋಗುವುದಿಲ್ಲ. ಈ ಹುಡುಗಿ ಕೇಳಲಿಲ್ಲ. ಹತ್ತು ಕಾರ್ಡಿಗೆ ಸ್ಕ್ರೀನ್ ಮಾಡುವುದಕ್ಕಾಗುವುದಿಲ್ಲ, ಕಂಪ್ಯೂಟರಿನಿಂದ ಕಲರ್ ಪ್ರಿಂಟ್ ತೆಗೆದುಕೊಡುತ್ತೇನೆ ಎಂದೆ. ಎರಡೂ ಕಡೆಯವರ ಹೆಸರಿನ ಚೀಟಿ, ಫೋನ್ ನಂಬರು ಕೊಟ್ಟು ಹೋದಳು. ಹೆಸರು ಅಚ್ಚು ಹಾಕುವುದೇ ನನ್ನ ಹೊಟ್ಟೆಪಾಡಾದರೂ ಈ ಬರಹದಲ್ಲಿ ಮಾತ್ರ ಯಾರ ಹೆಸರನ್ನೂ ಹಾಕುವುದಿಲ್ಲ. ಎಲ್ಲರೂ ಇಲ್ಲೇ ಸಂತೆಯಲ್ಲಿ ಸಿಗುವವರು.

ಮೂರನೆಯ ದಿನ ಅಂಜನಾಪುರದ ಕಡೆಯಿಂದ ಒಬ್ಬರು ಕುರಿ ಯಜಮಾನರು ಬಂದರು. ಹೆಗಲ ಮೇಲೆ ಕಂಬಳಿ, ಮುಖದ ತುಂಬ ಸಂಕೋಚ. ಆರುನೂರು ಪತ್ರಿಕೆ ಬೇಕು, ಮೆರೂನ್ ಕಾರ್ಡು, ಬಂಗಾರದ ಬಣ್ಣದ ಅಕ್ಷರ. ಮದುವೆ ಊರಲ್ಲೇ, ಮನೆ ಮುಂದೆ ಪೆಂಡಾಲು. ಅವರ ಅಣ್ಣ ದುಂಡಗೆ ಬರೆದುಕೊಟ್ಟಿದ್ದ ಮ್ಯಾಟರ್ ಹಾಳೆಯನ್ನು ಮೇಜಿನ ಮೇಲೆ ಹರಡಿದರು. ಓದುತ್ತಾ ಹೋದೆ. ವಧುವಿನ ಹೆಸರು ಬಂತು. ಹೊಸಬಾಳೆ ಬಂತು. ಕೈಯಲ್ಲಿದ್ದ ಪೆನ್ನು ಅಲ್ಲೇ ನಿಂತಿತು.

ಒಂದೇ ಮದುವೆ. ಮಗಳಿಗೆ ಹತ್ತು ಪತ್ರಿಕೆ, ಅಪ್ಪನಿಗೆ ಆರುನೂರು.

ಡಾಕ್ಟರು, ವಕೀಲರಿಗಿರುವಂತೆ ಪ್ರೆಸ್ಸಿನವರಿಗೂ ಗುಟ್ಟು ಇರುತ್ತದೆ. ಯಾವ ಮನೆಯ ಪತ್ರಿಕೆಯಲ್ಲಿ ಯಾವ ಚಿಕ್ಕಪ್ಪನ ಹೆಸರು ಬಿಟ್ಟಿದ್ದಾರೆ, ಯಾವ ಮದುವೆಯ ವರ ಪ್ರೂಫ್ ಬರುವಷ್ಟರಲ್ಲಿ ಬದಲಾದ, ಎಲ್ಲ ನಮಗೆ ಮೊದಲು ಗೊತ್ತು. ಯಜಮಾನರ ಮುಂದೆ ಬಾಯಿ ಬಿಡಲಿಲ್ಲ. ಅವರು ಹೋದ ಮೇಲೆ ಮಗಳಿಗೆ ಫೋನ್ ಮಾಡಿದೆ. ಸಂಜೆ ಕೆಲಸ ಮುಗಿಸಿ ಬಂದಳು. ಮ್ಯಾಟರ್ ಹಾಳೆ ನೋಡಿ ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

ಅವಳ ತಾಯಿಯದು ಕೂಡಿಕೆ. ಹತ್ತೊಂಬತ್ತಕ್ಕೆ ಮದುವೆಯಾಗಿ, ಆರು ತಿಂಗಳಿಗೆ ಗಂಡ ತೀರಿಕೊಂಡ. ಎರಡು ವರ್ಷ ಕಳೆದ ಮೇಲೆ ಈ ಯಜಮಾನರ ಜೊತೆ ಹಿರಿಯರು ಕೂಡಿಕೆ ಮಾಡಿಸಿದರು. ಹೊತ್ತು ಮುಳುಗಿದ ಮೇಲೆ ಹೊಸ ಸೀರೆ ಉಡಿಸಿ, ನಾಲ್ಕು ಜನರ ಮುಂದೆ ಕೈ ಹಿಡಿಸಿ, ಮನೆ ತುಂಬಿಸಿಕೊಳ್ಳುವುದು. ಅವರ ಮನೆತನದಲ್ಲಿ ವಿಧವೆಗೆ ಅದೊಂದೇ ದಾರಿ ಇತ್ತು. ಬಾಳಿಗೆ ಏನೂ ಕಡಿಮೆಯಿಲ್ಲ, ಆದರೆ ಮುತ್ತೈದೆಯರ ಲೆಕ್ಕದಲ್ಲಿ ಅವಳಿಲ್ಲ. ನಾಲ್ಕು ವರ್ಷದ ಹಿಂದೆ ದೊಡ್ಡ ಮಗಳ ಮದುವೆಯಲ್ಲಿ ವಧೂವರರ ಕೈಮೇಲೆ ಧಾರೆ ಎರೆದದ್ದು ದೊಡ್ಡಪ್ಪ ಮತ್ತು ದೊಡ್ಡಮ್ಮ. ಹೆತ್ತ ತಾಯಿ ಅಡುಗೆಯವರ ಹತ್ತಿರ ತೆಂಗಿನಕಾಯಿ ತುರಿಯುತ್ತ ಕೂತಿದ್ದಳು. ಓಲಗ ಜೋರಾದಾಗ ಸೆರಗಲ್ಲಿ ಕೈ ಒರೆಸಿಕೊಂಡು ಗೋಡೆಯ ಪಕ್ಕದಿಂದ ಇಣುಕಿ ನೋಡಿದಳಂತೆ.

"ಅವತ್ತೇ ಅನ್ಕೊಂಡೀನ್ರಿ, ಅವ್ವ ನಿಲ್ಲದ ಮಂಟಪದಾಗ ನಾನೂ ನಿಲ್ಲಲ್ಲ ಅಂತ," ಎಂದಳು. "ಅವ್ವಗ ಕೇಳಿದ್ರ, ನಂಗೇನೂ ಬ್ಯಾಸರಿಲ್ಲ, ನೀ ಮಂಟಪದಾಗ ಕುಂತ್ರ ಸಾಕು ಅಂತಾಳ. ಅಪ್ಪಗ ಕೇಳಿದ್ರ, ನೋಡೋಣು ಅಂತಾನ. ಆತಲ್ರಿ, ಆರುನೂರು ಹಾಕ್ರಿ. ಪೆಂಡಾಲೂ ಆಗ್ಲಿ. ಆದ್ರ ಧಾರಿಗೆ ದೊಡ್ಡವ್ವ ತಂಬಿಗಿ ಹಿಡಿದ್ಲು ಅಂದ್ರ ನಾ ಅಲ್ಲಿಂದ್ಲೇ ಎದ್ದು ಸೊರಬಕ್ಕ ಹೋಗಿ ಸಹಿ ಹಾಕ್ತೀನಿ. ಅಪ್ಪಗೂ ಹೇಳೀನಿ."

ಅವಳಿಗೆ ಮದುವೆ ಬೇಡವಾಗಿರಲಿಲ್ಲ. ತಾಯಿಯನ್ನು ಬಿಟ್ಟು ಮಾಡುವ ಮದುವೆ ಬೇಡವಾಗಿತ್ತು. ಮೊದಲ ದಿನ ಅವಳ ಮಾತಿಗೆ ತಲೆದೂಗಿದ್ದ ನನಗೆ ಕೊಂಚ ನಾಚಿಕೆಯಾಯಿತು.

ಮರುದಿನ ಕೆಲಸ ಶುರು ಮಾಡಿದೆ. ಇಲ್ಲಿ ನನ್ನ ಕಸುಬಿನ ಒಂದು ಕಟ್ಟಳೆ ಹೇಳಬೇಕು. ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ನಮ್ಮಪ್ಪ ನನಗೆ ಕಲಿಸಿದ ಮೊದಲ ಪಾಠ ಅದು. ಹೆಂಗಸಿನ ಹೆಸರಿನ ಪಕ್ಕ ಗಂಡನ ಹೆಸರು ಶ್ರೀ ಎಂದು ಬಂದರೆ ಆಕೆಗೆ ಸೌ|| ಹಾಕು, ಗಂಡನ ಹೆಸರು ದಿ|| ಎಂದು ಬಂದರೆ ಸೌ|| ಕಿತ್ತುಬಿಡು. ಸೌ|| ಅಂದರೆ ಸೌಭಾಗ್ಯವತಿ, ಗಂಡ ಬದುಕಿದ್ದಾನೆ. ದಿ|| ಅಂದರೆ ದಿವಂಗತ, ಗಂಡ ಇಲ್ಲ. ಇದರಲ್ಲಿ ತಪ್ಪಿದರೆ ಪತ್ರಿಕೆ ಹಿಡಿದು ಹೊಡೆಯುವುದಕ್ಕೆ ಬರುತ್ತಾರೆ. ಮೊಳೆ ಹೋಗಿ ಕಂಪ್ಯೂಟರ್ ಬಂದರೂ ನನ್ನ ಬೆರಳಿಗೆ ಆ ಪಾಠ ಹಾಗೇ ಅಂಟಿಕೊಂಡಿದೆ.

ದೊಡ್ಡಪ್ಪ ಬರೆದ ಹಾಳೆಯಲ್ಲಿ ತಾಯಿಯ ಹೆಸರಿಗೆ ಬರೀ ಶ್ರೀಮತಿ ಇತ್ತು. ದೊಡ್ಡಮ್ಮನ ಹೆಸರಿಗೆ ಮಾತ್ರ ಶ್ರೀಮತಿ ಸೌ||. ನಾನು ಅದನ್ನು ಗಮನಿಸಲೇ ಇಲ್ಲ. ಪಕ್ಕದಲ್ಲಿ ಶ್ರೀ ಎಂದು ಗಂಡನ ಹೆಸರಿತ್ತು, ಬೆರಳು ತಾನಾಗಿ ಸೌ|| ಒತ್ತಿತು. ಹಿಂದಿನ ಸಂಜೆ ಅಷ್ಟೆಲ್ಲ ಕಥೆ ಕೇಳಿದವಳು, ಬೇಕೆಂದೇ ಮಾಡಿದ್ದೀಯ ಎಂದು ಆಮೇಲೆ ಕೆಲವರು ಅಂದರು. ದೇವರಾಣೆ ಇಲ್ಲ. ಅಷ್ಟು ಧೈರ್ಯ ನನಗೆಲ್ಲಿಯದು, ಅದು ಬರೀ ಚಾಳಿ.

ಪ್ರೂಫನ್ನು ಯಜಮಾನರ ಮೊಬೈಲಿಗೆ ಕಳಿಸಿದೆ. ಕುರಿ ಅರಚುವ ಸದ್ದಿನ ನಡುವೆ "ಚಲೋ ಐತ್ರಿ ಅಕ್ಕಾರ, ಹಾಕ್ರಿ" ಎಂಬ ಧ್ವನಿ ಬಂತು. ಬೆಳಕು ಹಾಯುವ ತೆಳು ಬಟರ್ ಶೀಟಿನ ಮೇಲೆ ಪ್ರಿಂಟ್ ತೆಗೆದೆ. ಸ್ಕ್ರೀನ್ ಅಂದರೆ ಮರದ ಚೌಕಟ್ಟಿಗೆ ಬಿಗಿದ ತೆಳು ಬಲೆಬಟ್ಟೆ. ಅದಕ್ಕೆ ಔಷಧಿ ಬಳಿದು ಕತ್ತಲಲ್ಲಿ ಒಣಗಿಸಬೇಕು, ಶೀಟು ಇಟ್ಟು ಟ್ಯೂಬ್‌ಲೈಟಿನ ಬೆಳಕು ಹಿಡಿಯಬೇಕು, ಆಮೇಲೆ ನೀರು ಬಿಟ್ಟು ತೊಳೆಯಬೇಕು. ಬೆಳಕು ತಾಗಿದ ಕಡೆ ಔಷಧಿ ಗಟ್ಟಿಯಾಗುತ್ತದೆ, ಅಕ್ಷರ ಇದ್ದ ಕಡೆ ಕರಗಿ ತೂತು ಬಿಡುತ್ತದೆ. ಆ ತೂತಿನಿಂದ ಶಾಯಿ ಇಳಿದು ಕಾರ್ಡಿನ ಮೇಲೆ ಅಕ್ಷರವಾಗುತ್ತದೆ. ಒಂದೊಂದೇ ಕಾರ್ಡು ಇಟ್ಟು ರಬ್ಬರಿನ ಪಟ್ಟಿಯಿಂದ ಶಾಯಿ ಎಳೆಯುತ್ತ, ಎಳೆದದ್ದನ್ನು ಒಣಗಲು ಹರಡುತ್ತ ಹೋದೆ. ಬಂಗಾರದ ಶಾಯಿ ಬೇಗ ಒಣಗುವುದಿಲ್ಲ. ಇನ್ನೂರು ಆಗುವಷ್ಟರಲ್ಲಿ ಮೇಜು, ಬೆಂಚು, ಕಿಟಕಿಯ ಕಟ್ಟೆ ಎಲ್ಲ ತುಂಬಿಹೋದವು.

ಆಗ ದೊಡ್ಡಪ್ಪ ಬಂದರು. ಬಿಳಿ ಮೀಸೆ, ಇಸ್ತ್ರಿ ಅಂಗಿ, ಕೈಯಲ್ಲಿ ಛತ್ರಿ. ತಮ್ಮನಿಗೆ ತಂದೆಯ ಜಾಗದಲ್ಲಿ ನಿಂತವರು ಎಂಬುದು ಕೂರುವ ಗತ್ತಿನಲ್ಲೇ ಗೊತ್ತಾಗುತ್ತಿತ್ತು. ಒಣಗುತ್ತಿದ್ದ ಒಂದು ಕಾರ್ಡನ್ನು ಅಂಚಿನಲ್ಲಿ ಹಿಡಿದೆತ್ತಿ ಕನ್ನಡಕ ಏರಿಸಿದರು.

"ಏನಮ್ಮಾ ತಾಯಿ, ನಾ ಬರದಿದ್ದೊಂದು, ನೀ ಹಾಕಿದ್ದೊಂದು. ಈ ಸೌ|| ಎಲ್ಲಿಂದ ಬಂತು?"

"ಯಜಮಾನರು ಇದ್ದಾರಲ್ಲ, ಅದಕ್ಕೇ ಹಾಕಿದೆ."

"ಕೂಡಿಕಿ ಹೆಂಡ್ತಿಗೆ ಸೌ|| ಹಾಕ್ತಾರೇನಮ್ಮ? ಆಕಿ ಸೌಭಾಗ್ಯ ಮೊದ್ಲಿನ ಗಂಡನ ಜೋಡಿ ಹೋತು. ನಾಕು ಮಂದಿ ಓದಿ ನಕ್ರ ಏನ್ ಹೇಳ್ಲಿ? ತಗದುಬಿಡು."

ಸ್ಕ್ರೀನಿನಲ್ಲಿ ಹೊಸ ಅಕ್ಷರ ಸೇರಿಸಬೇಕಾದರೆ ಮತ್ತೊಂದು ಸ್ಕ್ರೀನೇ ಮಾಡಬೇಕು. ತೆಗೆಯುವುದಕ್ಕೆ ಒಂದು ನಿಮಿಷ ಸಾಕು. ಬಲೆಯ ಅಡಿಗೆ ಒಂದು ಚೂರು ಸೆಲ್ಲೊ ಟೇಪು ಹಚ್ಚಿದರೆ ತೂತು ಮುಚ್ಚುತ್ತದೆ, ಶಾಯಿ ಇಳಿಯುವುದಿಲ್ಲ. ಹಚ್ಚಿದೆ. ಗಿರಾಕಿ ಹೇಳಿದ್ದನ್ನು ಮಾಡುವವಳು ನಾನು, ಅವರ ಮನೆ ಪಂಚಾಯ್ತಿ ಮಾಡುವವಳಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ನಿಂತು ನೋಡಿದರು. ಟೇಪು ಹಚ್ಚಿದ ಸ್ಕ್ರೀನಿನಲ್ಲಿ ಐವತ್ತು ಕಾರ್ಡು ಎಳೆದೆ. ತಾಯಿಯ ಹೆಸರಿನ ಮುಂದೆ ಉಗುರಿನಷ್ಟು ಜಾಗ ಖಾಲಿ ಬಿತ್ತು. ಮೊದಲಿನ ಇನ್ನೂರನ್ನು ರದ್ದಿಗೆ ಹಾಕು ಎಂದು ಹೇಳಿ ಛತ್ರಿ ಬಿಚ್ಚಿಕೊಂಡು ಹೋದರು.

ಆವತ್ತು ರಾಶಿ ಬೇರೆ ಮಾಡಲಿಲ್ಲ. ಮನಸ್ಸೂ ಸರಿಯಿರಲಿಲ್ಲ, ಶಾಯಿಯೂ ಒಣಗಿರಲಿಲ್ಲ.

ಮರುದಿನ ಸಂತೆ. ಮಧ್ಯಾಹ್ನ ಒಬ್ಬ ಹೆಂಗಸು ಅರಿಶಿನದ ಕೊಂಬಿನ ಚೀಲ ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಳು. ಬಿಸಿಲಿಗೆ ಕೆಂಪಾದ ನಗುಮುಖ, ಐವತ್ತರ ಆಸುಪಾಸು.

"ಅಂಜನಾಪುರದ ಕಡಿ ಮದುವಿ ಕಾರ್ಡು ಇಲ್ಲೇ ಏನವ್ವ ತಂಗಿ? ನಾ ಹುಡುಗಿ ತಾಯಿ. ಸಂತಿಗೆ ಬಂದಿದ್ದೆ, ಒಂಚೂರು ನೋಡಿ ಹೋಗೋಣು ಅಂತ."

ಕೂರಿಸಿ ನೀರು ಕೊಟ್ಟೆ. ಮೊದಲು ಕೇಳಿದ್ದು, "ನಿನಗ ಮಕ್ಳೆಷ್ಟು?" ಮದುವೆಯಾಗಿಲ್ಲ ಎಂದೆ. "ಹೌದಾ? ಆರಾಮ ಅದೀಯಲ್ಲ ಬಿಡು," ಎಂದಳು. ಹದಿನೈದು ವರ್ಷದಲ್ಲಿ ಈ ಉತ್ತರ ಕೊಟ್ಟವಳು ಇವಳೊಬ್ಬಳೇ. ಆ ಗಳಿಗೆಯಿಂದ ನಾನು ಅವಳ ಪಕ್ಷ.

ಓದು ಬಾರದು. ಹೆಂಗಸರ ಸಂಘದಲ್ಲಿ ಸಹಿ ಹಾಕಬೇಕೆಂದು ಕಿರಿಮಗಳು ಸ್ಲೇಟಿನ ಮೇಲೆ ತಿದ್ದಿಸಿದ್ದಳಂತೆ, ತನ್ನ ಹೆಸರೊಂದು ಮಾತ್ರ ಗುರುತು ಸಿಗುತ್ತದೆ. ಹರಡಿದ್ದ ಕಾರ್ಡುಗಳ ಮೇಲೆ ಬಾಗಿ ಹೆಸರು ಹುಡುಕಿದಳು. ಒಂದರಲ್ಲಿ ಸಿಕ್ಕಿತು. ಪಕ್ಕದ್ದರಲ್ಲೂ ಸಿಕ್ಕಿತು. ಎರಡರ ಮೇಲೂ ಒಂದೊಂದು ಬೆರಳಿಟ್ಟು ನನ್ನ ಮುಖ ನೋಡಿದಳು.

"ಇದ್ರಾಗ ನನ್ನ ಹೆಸರಿನ ಮುಂದ ಒಂದು ಮರಿ ನಿಂತೈತಿ. ಅದ್ರಾಗ ಇಲ್ಲ. ಅದೇನವ್ವ?"

ಸುಳ್ಳು ಹೇಳಬಹುದಾಗಿತ್ತು, ಬಾಯಿ ಬರಲಿಲ್ಲ. ಸೌಭಾಗ್ಯವತಿ ಅಂತ, ಗಂಡ ಇರೋ ಮುತ್ತೈದೆಗೆ ಹಾಕೋದು ಎಂದೆ. ಇನ್ನೊಂದರಲ್ಲಿ ಯಾಕಿಲ್ಲ ಎಂದು ಅವಳು ಕೇಳಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಆ ಪುಟ್ಟ ಬಂಗಾರದ ಅಕ್ಷರದ ಮೇಲೆ ಬೆರಳು ಆಡಿಸಿದಳು. ಪೂರ್ತಿ ಒಣಗಿರದ ಶಾಯಿ ಬೆರಳಿಗೆ ಅಂಟಿತು.

"ಇಪ್ಪತ್ತೆಂಟು ವರ್ಷ ಆತು ಇವ್ರ ಜೋಡಿ ಬಾಳಾಕತ್ತು," ಎಂದಳು. "ಎರಡು ಹಡದೆ, ಕುರಿ ಕಾದೆ, ಅತ್ತಿ ಮಾವನ ಮಣ್ಣು ಮಾಡಿದೆ. ಈ ಮರಿ ಮಾತ್ರ ಇವತ್ತೇ ನೋಡಿದ್ದು." ಆಮೇಲೆ ನಕ್ಕಳು. "ಒಂದು ನನಗ ಕೊಡವ್ವ, ಪೆಟ್ಟಿಗ್ಯಾಗ ಇಟ್ಕೋತೀನಿ. ಉಳಿದವು ಭಾವನಾರು ಹೇಳಿದಂಗ ಮಾಡು. ಮದುವಿ ಮನ್ಯಾಗ ರಗಳಿ ಬ್ಯಾಡ."

ಒಂದನ್ನು ಕವರಿನಲ್ಲಿ ಹಾಕಿಕೊಟ್ಟೆ. ಅರಿಶಿನದ ಚೀಲದೊಳಗೆ ಮೆಲ್ಲಗೆ ಇಳಿಸಿಕೊಂಡು ಬಸ್ಸಿಗೆ ಹೋದಳು.

ಸ್ಕ್ರೀನಿನ ಮುಂದೆ ನಿಂತೆ. ಮೊದಲಿನ ಇನ್ನೂರು ರದ್ದಿಗೆ ಹೋದರೆ ಇನ್ನೂ ಐನೂರೈವತ್ತು ಎಳೆಯಬೇಕು. ಕೈ ಏಳಲಿಲ್ಲ. ಹೆಂಗಸರ ಹೆಸರಿನ ಹಿಂದೆ ಮುಂದೆ ಬಾಲ ಹಚ್ಚುವ ಈ ಪದ್ಧತಿಯ ಮೇಲೆ ನನಗೇನೂ ಭಕ್ತಿಯಿಲ್ಲ. ನನ್ನ ಹೆಸರಿಗೆ ಯಾವ ಬಾಲವೂ ಇಲ್ಲದೆ ಜೀವನ ಸಾಗಿದೆ. ಆದರೆ ಬೇಡ ಎಂದು ನಾನಾಗಿ ಬಿಡುವುದು ಒಂದು, ಕೊಡುವುದಿಲ್ಲ ಎಂದು ಬೇರೆಯವರು ಕಿತ್ತುಕೊಳ್ಳುವುದು ಇನ್ನೊಂದು. ಆ ಟೇಪು ಹಚ್ಚಿದ್ದು ನನ್ನ ಕೈ. ನನ್ನ ಮೇಲೇ ಸಿಟ್ಟು ಬಂತು.

ಹಾಗಂತ ಟೇಪು ಕಿತ್ತು ನನ್ನಿಷ್ಟದಂತೆ ಹೊಡೆದುಕೊಡುವ ಹಾಗೂ ಇಲ್ಲ. ಪತ್ರಿಕೆ ಅವರದು, ಮನೆ ಅವರದು. ತುಂಬ ಹೊತ್ತು ಯೋಚಿಸಿದೆ. ಕೊನೆಗೆ ಹೊಳೆದದ್ದು ನಮ್ಮಪ್ಪನ ಕಟ್ಟಳೆ. ಕಂಪ್ಯೂಟರಿನಲ್ಲಿ ಅದೇ ಪತ್ರಿಕೆ ತೆರೆದು ಇನ್ನೊಂದು ಪ್ರೂಫ್ ಮಾಡಿದೆ. ತಾಯಿಯ ಸೌ|| ತೆಗೆದೆ. ಅದಕ್ಕೆ ತಕ್ಕಂತೆ ತಂದೆಯ ಹೆಸರಿನ ಶ್ರೀ ತೆಗೆದು ಇನ್ನೊಂದನ್ನು ಹಾಕಿದೆ. ಪ್ರಿಂಟ್ ತೆಗೆದು, ಒಂದು ಸಹಿ ಬೇಕು, ನೀವೊಬ್ಬರೇ ಬನ್ನಿ ಎಂದು ಯಜಮಾನರಿಗೆ ಫೋನ್ ಮಾಡಿದೆ.

ಮರುದಿನ ಬೆಳಗಿನ ಬಸ್ಸಿಗೇ ಬಂದರು. ಎರಡೂ ಪ್ರೂಫ್ ಮುಂದಿಟ್ಟೆ.

"ನಿಮ್ಮಣ್ಣಾರು ಮನೆಯವರ ಹೆಸರಿನ ಸೌ|| ತೆಗೆಸಿದ್ದಾರೆ. ಹಾಗೆ ಮಾಡಿದ್ರೆ ಪತ್ರಿಕೆ ಈ ಥರ ಬರುತ್ತೆ. ಓದಿ, ಸರಿ ಅಂತ ಬರೆದು ಸಹಿ ಹಾಕಿ."

ತುಟಿಯಲ್ಲೇ ಅಕ್ಷರ ಕೂಡಿಸಿ ಓದುತ್ತಾ ಬಂದವರು ತಮ್ಮ ಹೆಸರಿನ ಹತ್ತಿರ ನಿಂತರು.

"ದಿ|| ಅಂದ್ರ ಏನ್ರಿ?"

"ದಿವಂಗತ."

"ಯಾರು?"

"ನೀವು."

ಯಜಮಾನರು ಕಂಬಳಿ ಸರಿಮಾಡಿಕೊಂಡು ಎದ್ದು ನಿಂತರು. "ಏನ್ರಿ ಅಕ್ಕಾರ ಹಿಂಗಂತೀರಿ! ನಾ ಸತ್ತೀನೇನ್ರಿ?"

"ಇಲ್ವಲ್ಲ, ಅದಕ್ಕೇ ಕೇಳ್ತಿರೋದು. ನೀವು ಬದುಕಿದ್ರೆ ಆಕೆಗೆ ಸೌ|| ಇರಬೇಕು. ಆಕೆಗೆ ಸೌ|| ಇಲ್ಲ ಅಂದ್ರೆ ನೀವು ದಿ||. ಎರಡರಲ್ಲಿ ಒಂದು. ನಮ್ಮ ಕಸುಬಿನ ವ್ಯಾಕರಣ ಹಾಗಿದೆ. ನಾನೇನು ಮಾಡ್ಲಿ?"

ಅವರು ನಗಲಿಲ್ಲ. ಮತ್ತೆ ಕೂತು ಹಾಳೆ ಕೈಗೆತ್ತಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅಣ್ಣನಿಗೂ ಹೆಂಡತಿಗೂ ನಡುವೆ ಇಪ್ಪತ್ತೆಂಟು ವರ್ಷ ಮೆತ್ತಗೆ ನಡೆದುಕೊಂಡು ಬಂದ ಮನುಷ್ಯ. ಆಮೇಲೆ ತಗ್ಗಿದ ದನಿಯಲ್ಲಿ, "ದೊಡ್ಡ ಮಗಳ ಪತ್ರಿಕ್ಯಾಗೂ ಆಕಿಗೆ ಸೌ|| ಇದ್ದಿಲ್ರಿ. ನಾ ನೋಡಿ ಸುಮ್ನಿದ್ದೆ. ಹಂಗಾದ್ರ ಅವಾಗ್ಲೇ ಸತ್ತಿದ್ದೆ ಅನ್ರಿ," ಎಂದರು. ನನ್ನ ಹುಡುಗಾಟಿಕೆ ಅಲ್ಲಿಗೆ ಇಳಿಯಿತು. ಚಹಾ ತರಿಸಿದೆ. ಕುಡಿಯದೆ ಎರಡೂ ಪ್ರೂಫ್ ಮಡಚಿ ಜೇಬಿಗಿಟ್ಟುಕೊಂಡು ಹೊರಟರು.

ಆವತ್ತು ಏನಾಯಿತೆಂದು ಸಂಜೆ ಮಗಳು ಫೋನಿನಲ್ಲಿ ನಗುತ್ತ ಹೇಳಿದಳು. ಅಪ್ಪ ನೇರವಾಗಿ ಅಣ್ಣನ ಮನೆಗೆ ಹೋಗಿ, ಪಡಸಾಲೆಯ ನಡುವೆ ಕಂಬಳಿ ಹಾಸಿ, ಕೈಕಾಲು ಚಾಚಿ ಉದ್ದಕ್ಕೆ ಮಲಗಿಬಿಟ್ಟರಂತೆ. ಏನಾತೋ ಎಂದು ಅಣ್ಣ ಗಾಬರಿಯಾಗಿ ಬಂದರೆ, "ಪತ್ರಿಕ್ಯಾಗ ನನ್ನ ಸಾಯಿಸೀಯಲ್ಲಣ್ಣ, ಇನ್ನ ಹೊತ್ಕೊಂಡು ಹೋಗು" ಎಂದು ಪ್ರೂಫ್ ಕೈಗೆ ಕೊಟ್ಟರಂತೆ. ಜೀವನದಲ್ಲಿ ಅಪ್ಪ ದೊಡ್ಡಪ್ಪನ ಎದುರು ಮಾತಾಡಿದ್ದು ಅದೇ ಮೊದಲು, ಅದನ್ನೂ ಮಲಗಿಕೊಂಡು ಮಾತಾಡಿದ ಎಂದು ಅವಳು ನಕ್ಕದ್ದೇ ನಕ್ಕದ್ದು.

ಮರುದಿನ ದೊಡ್ಡಪ್ಪ ಪ್ರೆಸ್ಸಿಗೆ ಬಂದರು. ಛತ್ರಿಯನ್ನು ಮೇಜಿಗೆ ಕುಟ್ಟಿದರು.

"ಬದುಕಿರೋ ಮನಷ್ಯಾನ ದಿವಂಗತ ಮಾಡ್ತೀಯೇನಮ್ಮ?"

"ನಾನಲ್ಲ ಯಜಮಾನರೇ, ನಿಮ್ಮ ಟೇಪು."

ಬಯ್ಯುತ್ತಾರೆಂದು ಕಾದೆ, ಬಯ್ಯಲಿಲ್ಲ. ಕುರ್ಚಿ ಎಳೆದು ಕೂತರು. "ಆ ಕೂಡಿಕಿ ಮಾಡ್ಸಿದವ್ನೇ ನಾನಮ್ಮ," ಎಂದರು. "ಊರು ಬ್ಯಾಡ ಅಂತು. ಚಿಕ್ಕ ಹುಡುಗಿ, ಹಂಗ ಬಿಡಬಾರದು ಅಂತ ನಾನೇ ಮುಂದ ನಿಂತು ಸೀರಿ ತಂದೆ. ಅವತ್ತಿಗೆ ಅಷ್ಟು ಮಾಡಿದ್ದೇ ದೊಡ್ಡದಿತ್ತು." ಅವರ ದನಿಯಲ್ಲಿ ನಿಜವಾದ ನೋವಿತ್ತು. ಇವರನ್ನು ಕೆಟ್ಟವರೆಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದ ನಾನು ತಲೆ ತಗ್ಗಿಸಿದೆ. ಅವರು ಆ ಕಾಲಕ್ಕೆ ಒಂದು ಹೆಜ್ಜೆ ಮುಂದಿಟ್ಟವರು, ಆಮೇಲೆ ಅಲ್ಲೇ ನಿಂತುಬಿಟ್ಟವರು.

"ಎಲ್ಲೈತಿ ನಿನ್ನ ಟೇಪು?"

ಸ್ಕ್ರೀನ್ ತಿರುಗಿಸಿ ತೋರಿಸಿದೆ. ಕನ್ನಡಕ ಏರಿಸಿ, ಉಗುರಿನಿಂದ ಅಂಚು ಎಬ್ಬಿಸಿ, ಬಲೆಗೆ ಪೆಟ್ಟಾಗದಂತೆ ಜೋಪಾನವಾಗಿ ಕಿತ್ತರು. "ಅಚ್ಚು ಹಾಕು ಇನ್ನ," ಎಂದರು. ಬಾಗಿಲ ಹತ್ತಿರ ಹೋದವರು ತಿರುಗಿ, "ಅಕ್ಷರದ ಮಾತು ಅಕ್ಷರಕ್ಕಾತು. ಧಾರಿ ಮಾತು ಬ್ಯಾರೆ," ಎಂದು ಹೇಳಿ ಹೋದರು.

ಕಟ್ಟಿಕೊಂಡಿದ್ದ ಒಣ ಶಾಯಿಯನ್ನು ಥಿನ್ನರಿನಲ್ಲಿ ಒರೆಸಿ, ಆ ಒಂದು ಅಕ್ಷರ ಚೆನ್ನಾಗಿ ಇಳಿಯುತ್ತಿದೆಯೇ ಎಂದು ರದ್ದಿ ಹಾಳೆಯ ಮೇಲೆ ಮೂರು ಸಲ ನೋಡಿ, ಉಳಿದದ್ದನ್ನು ಎಳೆದೆ. ಖಾಲಿ ಜಾಗದ ಐವತ್ತು ರದ್ದಿಗೆ ಹೋದವು, ಬದಲಿಗೆ ಹೊಸ ಐವತ್ತು ನನ್ನ ಕಡೆಯಿಂದ.

ಗಿರಾಕಿಗಳ ಮದುವೆಗೆ ನಾನು ಹೋಗುವುದಿಲ್ಲ. ಹೋಗುತ್ತ ಕೂತರೆ ಪ್ರೆಸ್ ಮುಚ್ಚಬೇಕಾಗುತ್ತದೆ. ಇದಕ್ಕೆ ಹೋದೆ. ಧಾರೆಯ ಮಾತು ತೀರ್ಮಾನವಾಗಿಲ್ಲವೆಂದು ಹಿಂದಿನ ದಿನವೂ ಹುಡುಗಿ ಹೇಳಿದ್ದಳು. ಅವಳ ಸ್ಕೂಟರು ಪೆಂಡಾಲಿನ ಬಾಗಿಲಲ್ಲೇ ಸೊರಬದ ದಾರಿಗೆ ಮುಖಮಾಡಿ ನಿಂತಿತ್ತು. ಇವಳು ಹೇಳಿದ್ದನ್ನು ಮಾಡುವವಳೇ ಎಂದುಕೊಂಡು ಒಳಗೆ ಹೋದೆ.

ಮುಹೂರ್ತ ಹತ್ತಿರ ಬಂತು. ಹುಡುಗ ಹುಡುಗಿ ಅಂಗೈ ಜೋಡಿಸಿ ತೆಂಗಿನಕಾಯಿ ಹಿಡಿದು ಕೂತರು. ದೊಡ್ಡಮ್ಮ ರೇಷ್ಮೆ ಸೀರೆಯುಟ್ಟು, ಹಾಲು ಬೆರೆಸಿದ ನೀರಿನ ಬೆಳ್ಳಿ ತಂಬಿಗೆ ಹಿಡಿದು ಮಂಟಪದ ಪಕ್ಕ ಬಂದು ನಿಂತಿದ್ದರು. ದೊಡ್ಡಪ್ಪ 'ಧಾರಿ ಮಾತು ಬ್ಯಾರೆ' ಎಂಬ ಹಟ ಬಿಟ್ಟಿರಲಿಲ್ಲ. ತಾಯಿ ಈ ಸಲವೂ ಹಿಂದೆ, ಪೆಂಡಾಲಿನ ಕಂಬ ಹಿಡಿದುಕೊಂಡು ನಿಂತಿದ್ದಳು. ಹುಡುಗಿ ಒಮ್ಮೆ ತಂಬಿಗೆ ನೋಡಿದಳು, ಒಮ್ಮೆ ಕಂಬ ನೋಡಿದಳು. ಕೂತಲ್ಲೇ ಕಾಲು ಸರಿಸಿ ಏಳುವ ಹಾಗೆ ಮಾಡಿದಳು. ಹುಡುಗನೂ ತೆಂಗಿನಕಾಯಿ ಸಮೇತ ಅರ್ಧ ಎದ್ದ. ಪಾಪ, ಅವನಿಗೆ ಮೊದಲೇ ಹೇಳಿಟ್ಟಿದ್ದಳೆಂದು ಕಾಣುತ್ತದೆ.

ಪುರೋಹಿತರು ಹೊರಗಿನ ಊರಿನವರು, ಮನೆಯವರ ಪರಿಚಯವಿಲ್ಲ. "ಕನ್ಯಾದಾನ ಮಾಡೋ ತಂದೆತಾಯಿ ಹೆಸರೇನು?" ಎಂದು ಕೇಳಿದರು. ಯಜಮಾನರು ಬಾಯಲ್ಲಿ ಹೇಳಲಿಲ್ಲ. ಜೇಬಿನಿಂದ ಪತ್ರಿಕೆ ತೆಗೆದು ಕೊಟ್ಟರು. ಪುರೋಹಿತರು ಅದನ್ನು ದೂರ ಹಿಡಿದು, ಧ್ವನಿವರ್ಧಕದಲ್ಲಿ ಇಡೀ ಊರಿಗೆ ಕೇಳುವಂತೆ ತಾಯಿಯ ಹೆಸರನ್ನು ಓದಿದರು. "ಶ್ರೀಮತಿ ಸೌಭಾಗ್ಯವತಿ..." ಎಂದು ಪೂರ್ತಿ ಬಿಡಿಸಿ ಓದಿ, "ಎಲ್ಲಿದ್ದೀರಿ ತಾಯಿ, ಬನ್ನಿ," ಎಂದು ಕರೆದರು.

ಓಲಗದವರು ಬಾರಿಸುವುದನ್ನು ನಿಲ್ಲಿಸಿದರು. ಎಲ್ಲರೂ ದೊಡ್ಡಪ್ಪನ ಮುಖ ನೋಡಿದರು. ಅವರು ಮೀಸೆ ಸವರಿಕೊಂಡರು.

"ಪತ್ರಿಕ್ಯಾಗ ಹಂಗ ಐತೇನ್ರಿ?"

"ಹೌದಲ್ಲ, ಹಾಗೇ ಅಚ್ಚಾಗಿದೆ," ಎಂದರು ಪುರೋಹಿತರು, ಏನೂ ಅರಿಯದೆ.

ದೊಡ್ಡಪ್ಪ ತಮ್ಮನ ಕಡೆ ನೋಡಿದರು. ತಮ್ಮ ಈ ಸಲ ಮಲಗಿರಲಿಲ್ಲ, ನೆಟ್ಟಗೆ ನಿಂತಿದ್ದರು. "ನಾ ಬದುಕೀನಣ್ಣ," ಎಂದರು, ಅಷ್ಟೆ.

"ಅಚ್ಚಾದ ಮ್ಯಾಲ ಆತು ಬಿಡ್ರಿ," ಎಂದು ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು ಹೆಂಡತಿಗೆ ಹೇಳಿದರು, "ಕೊಡು ಆಕಿ ಕೈಗೆ." ಇದಕ್ಕಾಗಿಯೇ ಕಾದಿದ್ದವರಂತೆ ದೊಡ್ಡಮ್ಮ ದಡದಡ ಹೋಗಿ, ಕಂಬದ ಹತ್ತಿರ ನಿಂತಿದ್ದವಳ ಕೈಗೆ ತಂಬಿಗೆ ತುರುಕಿ, ಬೆನ್ನ ಮೇಲೆ ಕೈಯಿಟ್ಟು ಮಂಟಪಕ್ಕೆ ದೂಡಿಕೊಂಡು ಬಂದರು. ಅರ್ಧ ಎದ್ದಿದ್ದ ಮದುಮಕ್ಕಳು ಕೂತರು. ಓಲಗ ಮತ್ತೆ ಶುರುವಾಯಿತು. ನನಗೆ ಅಳು ಬಂತು, ಅಡಗಿಸಿಕೊಳ್ಳಲು ಹೋಗಲಿಲ್ಲ.

ತಾಯಿ ಧಾರೆ ಎರೆಯತೊಡಗಿದಳು. ನೀರು ಕಾಯಿಯ ಮೇಲೆ ಬಿದ್ದು ಆಚೀಚೆ ಸಿಡಿಯಿತು. ಪುರೋಹಿತರು ಮಂತ್ರ ಮುಗಿಸಿ, "ಸಾಕು ತಾಯಿ," ಎಂದರು. ಅವಳು ನಿಲ್ಲಿಸಲಿಲ್ಲ. "ಸಾಕಮ್ಮಾ, ಆಯ್ತು," ಎಂದರು. ಇನ್ನೂ ಎರೆಯುತ್ತಲೇ ಇದ್ದಳು. ನೀರು ಮಂಟಪದಿಂದ ಇಳಿದು ಮುಂದಿನ ಸಾಲಿನವರ ಕಾಲಿಗೆ ಹರಿಯಿತು. ಹೊಸಬಾಳೆಯ ಬೀಗಿತ್ತಿ ಸೀರೆ ಎತ್ತಿಕೊಂಡು, "ಎರೀಲಿ ಬಿಡಿ ಮಾರಾಯ್ರೆ, ಎಂತ ಅವಸರ," ಎಂದು ನಕ್ಕರು.

ತಾಯಿ ತಲೆಯೆತ್ತಲಿಲ್ಲ. "ಇರ್ರಿ ಸ್ವಾಮಿ, ಒಂಚೂರು ತಡೀರಿ," ಎಂದಳು. "ದೊಡ್ಡಾಕಿದೂ ಬಾಕಿ ಐತಿ."

ತಂಗಿಯ ಹಿಂದೆ ನಿಂತು ಸೆರಗು ಸರಿಮಾಡುತ್ತಿದ್ದ ದೊಡ್ಡ ಮಗಳು ಅಲ್ಲೇ ಬಗ್ಗಿ, ತನ್ನ ಅಂಗೈಯನ್ನೂ ಆ ನೀರಿನ ಅಡಿಗೆ ಹಿಡಿದಳು. ಪುರೋಹಿತರು ಆಮೇಲೆ ಸಾಕು ಎನ್ನಲಿಲ್ಲ.